ತೆಳ್ಳನೆ ಫೋನು, ಡಬ್ಬಿಯಲ್ಲಿ ಹೋಳಿಗೆ

ಕಳೆದ ಶನಿವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನನ್ನ ಗಂಡ ಕಾಣೆಯಾದರು.

ಮನೆಯಿಂದಲ್ಲ, ನನ್ನ ಫೋನಿನಿಂದ. (ಎರಡಕ್ಕೂ ಈಗ ಅಂಥ ವ್ಯತ್ಯಾಸವೇನೂ ಉಳಿದಿಲ್ಲ ಅನ್ನುವುದು ನನಗೆ ಸಂಜೆಯ ಹೊತ್ತಿಗೆ ಗೊತ್ತಾಯಿತು.)

ವಿವರಿಸುತ್ತೇನೆ. ನಮ್ಮನೆಯವರಿಗೆ ಸಕ್ಕರೆ ಕಾಯಿಲೆ. ಇಪ್ಪತ್ತು ವರ್ಷದಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಇಷ್ಟು ವರ್ಷವಾದ ಮೇಲೆ ಕೆಲವರ ಮೈ ಎಚ್ಚರಿಸುವುದನ್ನೇ ಮರೆತುಬಿಡುತ್ತದೆ. ಸಕ್ಕರೆ ಇಳಿಯುವಾಗ ಕೈ ನಡುಗಬೇಕು, ಹಸಿವಾಗಬೇಕು. ಇವರಿಗೆ ಅದೊಂದೂ ತಿಳಿಯುವುದಿಲ್ಲ, ನೇರವಾಗಿ ಮಂಕು ಕವಿಯುತ್ತದೆ. ಅದಕ್ಕೇ ತೋಳಿಗೆ ನಾಣ್ಯದಷ್ಟಗಲದ ಒಂದು ಸೆನ್ಸರ್ ಅಂಟಿಸಿದ್ದಾರೆ. ಅದು ಇವರ ಫೋನಿಗೆ ಸುದ್ದಿ ಕಳಿಸುತ್ತದೆ. ಸಕ್ಕರೆ ನಾಲ್ಕಕ್ಕಿಂತ (ನಮ್ಮೂರಿನ ಲೆಕ್ಕದಲ್ಲಿ ಸುಮಾರು ಎಪ್ಪತ್ತು) ಕೆಳಗಿಳಿದರೆ ಫೋನು ಬೊಬ್ಬೆ ಹೊಡೆಯುತ್ತದೆ, ಇವರು ಜೇಬಿನಿಂದ ಗ್ಲೂಕೋಸ್ ಮಾತ್ರೆ ತೆಗೆದು ಜಗಿಯುತ್ತಾರೆ. ಇವರ ಫೋನು ಅದೇ ಸುದ್ದಿಯನ್ನು ನನ್ನ ಫೋನಿಗೂ ದಾಟಿಸುತ್ತದೆ. ಗಂಡನ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ಲಂಡನ್ನಿನ ಕಿಂಗ್ಸ್‌ಬರಿಯ ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ನೋಡಬಹುದು. ಒಳ್ಳೆಯ ಕಾಲ.

ಶನಿವಾರ ಇವರು ಸಟನ್‌ಗೆ ಹೋಗಿದ್ದರು, ಧಾರವಾಡದ ಶಾಲೆಯ ಗೆಳೆಯ ಗುರುನಾಥ ಅವರ ಮನೆಗೆ ಊಟಕ್ಕೆ. ಗುರುನಾಥರ ಹೆಂಡತಿ ಸುನಂದಾ ಅಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ್. ನನಗೆ ನೆಗಡಿ, ಹೋಗಲಿಲ್ಲ. ಊಟ ಮುಗಿಸಿ ಇವರು ವಾಪಸು ಟ್ರೈನ್ ಹತ್ತಿದರು. ಮೂರು ಹತ್ತಕ್ಕೆ ನನ್ನ ಫೋನಿನಲ್ಲಿ ಕಂಡ ಅಂಕಿ ಐದು. ಪಕ್ಕದಲ್ಲಿ ಕೆಳಮುಖದ ಬಾಣ. ಆಮೇಲೆ ಗೆರೆ ನಿಂತುಹೋಯಿತು.

ಮೊದಲು ಗಾಬರಿಯಾಗಲಿಲ್ಲ. ಟ್ಯೂಬ್ ರೈಲು ಸುರಂಗಕ್ಕೆ ಹೋದಾಗ ಸಿಗ್ನಲ್ ಹೋಗುತ್ತದೆ, ಬರುತ್ತದೆ. ಆದರೆ ನಮ್ಮ ಕಡೆ ಬರುವ ಜುಬಿಲಿ ಲೈನ್ ಫಿಂಚ್ಲಿ ರೋಡ್ ಹತ್ತಿರ ನೆಲದ ಮೇಲೆ ಬರುತ್ತದಲ್ಲ? ಅಷ್ಟು ಹೊತ್ತಿಗೆ ಗೆರೆ ಮತ್ತೆ ಶುರುವಾಗಬೇಕಿತ್ತು. ಆಗಲಿಲ್ಲ. ಫೋನ್ ಮಾಡಿದೆ. ಒಂದು ರಿಂಗೂ ಇಲ್ಲ, ನೇರ ವಾಯ್ಸ್‌ಮೇಲ್. ಅಂದರೆ ಫೋನು ಸತ್ತಿದೆ.

ಬೆಳಗ್ಗೆ ಪೂರ್ತಿ ಚಾರ್ಜ್ ಮಾಡಿಕೊಂಡು ಹೋದ ಫೋನು! ಹೊಸದು! ತಿಂಗಳೂ ಆಗಿಲ್ಲ!

ಈಗ ತಪ್ಪೊಪ್ಪಿಗೆ. ಆ ಫೋನು ಕೊಡಿಸಿದ್ದು ನಾನೇ. ಇವರ ಹಳೆಯ ಫೋನು ದಪ್ಪ, ಭಾರ. ನಾನು ಅದನ್ನು ಇಟ್ಟಿಗೆ ಎಂದೇ ಕರೆಯುತ್ತಿದ್ದೆ. ಒಮ್ಮೆ ಚಾರ್ಜ್ ಮಾಡಿದರೆ ಎರಡು ದಿನ ಉಸಿರೆತ್ತುತ್ತಿರಲಿಲ್ಲ. ಆದರೆ ಇವರ ಷಷ್ಟ್ಯಬ್ದಿಯ ಫೋಟೋಗಳು ಬಂದವು ನೋಡಿ, ಹೊಸ ರೇಷ್ಮೆ ಜುಬ್ಬದ ಜೇಬು ಪ್ರತಿ ಫೋಟೋದಲ್ಲೂ ಜೋತುಬಿದ್ದಿದೆ. ನನ್ನ ಹೊಟ್ಟೆ ಉರಿಯಿತು. ಮರುವಾರವೇ ಅಂಗಡಿಗೆ ಎಳೆದುಕೊಂಡು ಹೋದೆ.

"ಇದಕ್ಕೇನಾಗೇದ? ಛಲೋ ನಡದದಲ್ಲ" ಅಂದರು ಇವರು ಇಟ್ಟಿಗೆ ತೋರಿಸಿ.

ನಾನು ಕೇಳಲಿಲ್ಲ. ಅಂಗಡಿಯವನು ಹೊಸ ಫೋನನ್ನು ಎರಡು ಬೆರಳಲ್ಲಿ ಹಿಡಿದು ಗಾಳಿಯಲ್ಲಿ ತಿರುಗಿಸಿದ. ಮಾರೀ ಬಿಸ್ಕತ್ತಿನಷ್ಟೇ ದಪ್ಪ. "ಆಹಾ" ಅಂದೆ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ಕೇಳಿದೆನಾ? ಇಲ್ಲ. ಆಸ್ಪತ್ರೆಯ ಫಾರ್ಮಸಿಯಲ್ಲಿ ಮೂವತ್ತು ವರ್ಷ ಕೂತು, ಬಂದವರಿಗೆಲ್ಲ "ಲೇಬಲ್ ಓದಿ, ಲೇಬಲ್ ಓದಿ" ಎಂದು ಉಪದೇಶ ಮಾಡಿದವಳು ನಾನು.

ಸರಿ, ಶನಿವಾರಕ್ಕೆ ಬರೋಣ. ನಾಲ್ಕು ಗಂಟೆಗೆ ಕಾರು ತೆಗೆದುಕೊಂಡು ಕಿಂಗ್ಸ್‌ಬರಿ ಸ್ಟೇಷನ್ನಿಗೆ ಹೋದೆ. ಪಕ್ಕದ ಅಂಗಡಿಯಲ್ಲಿ ಬಿಸಿ ಜಿಲೇಬಿ ಕರಿಯುತ್ತಿದ್ದರು, ಜನ ಮೆಂತ್ಯ ಸೊಪ್ಪಿನ ಕಟ್ಟು ಹಿಡಿದು ಓಡಾಡುತ್ತಿದ್ದರು. ಒಂದು ಟ್ರೈನ್ ಬಂತು. ಇವರಿಲ್ಲ. ಇನ್ನೊಂದು. ಇಲ್ಲ. ಮೂರನೆಯದೂ ಬಂದು ಹೋಯಿತು. ಎಲ್ಲಿ ಹುಡುಕಲಿ? ಸಟನ್‌ನಿಂದ ಇಲ್ಲಿಗೆ ಇಡೀ ಲಂಡನ್ ಅಡ್ಡ ಇದೆ. ಸಕ್ಕರೆ ಇಳಿದ ಮನುಷ್ಯ ಪ್ಲಾಟ್‌ಫಾರ್ಮ್ ಅಂಚಿನಲ್ಲಿ ನಿಂತಿದ್ದರೆ? ಫಾರ್ಮಸಿಯವರಿಗೆ ಒಂದು ಶಾಪ ಇದೆ, ಏನೇನಾಗಬಹುದು ಎಂಬ ಪಟ್ಟಿ ಪೂರ್ತಿ ಬಾಯಿಪಾಠ.

ಗೇಟಿನ ಹತ್ತಿರ ಇದ್ದ ಸಿಬ್ಬಂದಿಗೆ ಹೇಳಿದೆ. ಬಿಳಿ ಕೂದಲು, ನೀಲಿ ಜಾಕೆಟ್, ಕೈಯಲ್ಲಿ ಬಟ್ಟೆಯ ಚೀಲ, ಸಕ್ಕರೆ ಕಾಯಿಲೆ. ಆತ ಒಳಗೆ ಹೋಗಿ ಎಲ್ಲೆಲ್ಲಿಗೋ ಮಾತಾಡಿ ಬಂದ. "ಸ್ಟ್ಯಾನ್ಮೋರ್‌ನಲ್ಲಿ ಇದ್ದಾರೆ. ಕೂತಿದ್ದಾರೆ. ಮಾತಾಡ್ತಿದ್ದಾರೆ."

ಸ್ಟ್ಯಾನ್ಮೋರ್! ನಮ್ಮ ಸ್ಟೇಷನ್ ದಾಟಿ, ಲೈನಿನ ಕೊನೆ! ಇವರು ಕಿಂಗ್ಸ್‌ಬರಿಯಲ್ಲಿ ಇಳಿಯಬೇಕು ಎಂಬುದೇ ತಿಳಿಯದೆ ಕೂತಿದ್ದರು.

ಅಲ್ಲಿಗೆ ಹೇಗೆ ಓಡಿಸಿದೆನೋ ನೆನಪಿಲ್ಲ. ಇವರು ಬೆಂಚಿನ ಮೇಲೆ ಕೂತಿದ್ದರು, ಅಂಗಿ ಬೆವರಿನಿಂದ ಒದ್ದೆ. ಕೈಯಲ್ಲಿ ಕಿತ್ತಳೆ ಜ್ಯೂಸಿನ ಪೊಟ್ಟಣ. ಪಕ್ಕದಲ್ಲಿ ಸ್ಟೇಷನ್ನಿನ ಒಬ್ಬ ಹೆಂಗಸು, ನನ್ನದೇ ವಯಸ್ಸು, ಕಿತ್ತಳೆ ಬಣ್ಣದ ಜಾಕೆಟ್. ಜ್ಯೂಸು ಆಕೆಯ ಊಟದ ಚೀಲದ್ದು.

ಇವರು ನನ್ನನ್ನು ನೋಡಿದರು. "ಯಾಕ ಅಳ್ಳಿಕತ್ತಿ? ನಿದ್ದಿ ಹತ್ತಿತ್ತು, ಅಷ್ಟ."

"ಕ್ಷಮಿಸಿ, ಮೊದಲು ಕುಡಿದಿದ್ದಾರೆ ಅಂದ್ಕೊಂಡೆ," ಎಂದು ಆಕೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು. "ಟ್ರೈನಿನಲ್ಲಿ ಎಲ್ಲರೂ ಹಾಗೇ ಅಂದ್ಕೊಂಡಿರಬೇಕು. ಇವರ ಸುತ್ತ ಸೀಟುಗಳೆಲ್ಲ ಖಾಲಿ ಇದ್ದವು. ಹತ್ತಿರ ಹೋದರೆ ಮೈಯೆಲ್ಲ ತಣ್ಣಗೆ. ನಮ್ಮಮ್ಮನಿಗೂ ಹೀಗೇ ಆಗ್ತಿತ್ತು."

ಕುಡಿದಿದ್ದಾರೆ! ಅರವತ್ತು ವರ್ಷದಲ್ಲಿ ಒಂದು ತೊಟ್ಟು ಮುಟ್ಟದ ಮನುಷ್ಯ. ಆಕೆಯ ಅಮ್ಮನಿಗೆ ಸಕ್ಕರೆ ಕಾಯಿಲೆ ಇರದಿದ್ದರೆ?

ಆಮೇಲೆ ಆಕೆ ನನಗೊಂದು ಚೀಟಿ ಕೊಟ್ಟಳು. "ಮನೆ ನಂಬರ್ ಕೇಳಿದೆ. ಇವರ ಫೋನು ಸತ್ತಿತ್ತು. ಇವರು ಮತ್ತೆ ಮತ್ತೆ ಇದನ್ನೇ ಹೇಳಿದರು. ಇದು ತುಂಬ ಚಿಕ್ಕದಾಯಿತಲ್ಲ?"

ಚೀಟಿಯಲ್ಲಿ ಐದೇ ಅಂಕಿ.

ಅದು ಧಾರವಾಡದ ನಂಬರ್. ನಮ್ಮ ಮಾವನವರ ಮನೆಯ ಪಡಸಾಲೆಯಲ್ಲಿದ್ದ ಕರಿ ಫೋನಿನದು. ಆ ಫೋನು ಹೋಗಿ ಎಷ್ಟೋ ವರ್ಷವಾಯಿತು. ಆ ಮನೆಯೂ ಈಗಿಲ್ಲ. ನನ್ನ ನಂಬರ್ ಇವರಿಗೆ ಬಾಯಿಗೆ ಬರುವುದಿಲ್ಲ. (ಇವರದು ನನಗೂ ಬರುವುದಿಲ್ಲ. ನಿಮ್ಮ ಯಜಮಾನರದ್ದು ನಿಮಗೆ ಬರುತ್ತದಾ? ಎದೆ ಮುಟ್ಟಿ ಹೇಳಿ.) ತಲೆ ಮಂಕಾದಾಗ ಉಳಿದದ್ದು ಅದೊಂದೇ ನಂಬರ್. ಆ ಫೋನನ್ನು ಎರಡೂ ಕೈಯಲ್ಲಿ ಎತ್ತಬೇಕಿತ್ತು. ಊರಲ್ಲಿ ಕರೆಂಟ್ ಹೋದರೂ ಅದು ರಿಂಗಾಗುತ್ತಿತ್ತು.

ಕಾರಿನಲ್ಲಿ ಕೂತ ಮೇಲೆ, ಸಕ್ಕರೆ ಏರಿ ಇವರು ಮನುಷ್ಯರಾದ ಮೇಲೆ, ವಿಚಾರಣೆ ಶುರು ಮಾಡಿದೆ.

"ಏನ್ರೀ ಇದು? ಗುರುನಾಥ್ ಅವರ ಮನೇಲಿ ಚಾರ್ಜರ್ ಇರಲಿಲ್ವಾ?"

"ಇತ್ತು. ಗ್ವಾಡಿಗೇ ಇತ್ತು."

"ಮತ್ತೆ?"

"ಬ್ಯಾರೇದವ್ರ ಮನೀಗೆ ಊಟಕ್ಕ ಹೋಗಿ, ನಿಮ್ಮ ಚಾರ್ಜರ್ ಕೊಡ್ರಿ ಅಂತ ಹೆಂಗ ಕೇಳೂದು? ಹೋದಲ್ಲೆಲ್ಲ ಅದೊಂದ ಆಗೇದ. ಹೋದ ವಾರನೂ ಒಬ್ಬರ ಮನ್ಯಾಗ ಕೇಳಿದ್ದೆ. ನಾಚಿಕಿ ಬಂತು."

"ಸಕ್ಕರೆ ಇಳಿದಿದ್ದಾದರೂ ಯಾಕೆ? ಊಟ ಮಾಡಿದ್ರಲ್ಲ?"

ಇವರು ತೊಡೆಯ ಮೇಲಿದ್ದ ಬಟ್ಟೆಯ ಚೀಲ ಸರಿಪಡಿಸಿಕೊಂಡರು. "ಸುನಂದಾ ವೈನಿ ಶೇಂಗಾ ಹೋಳಿಗಿ ಮಾಡಿದ್ರು. ವಾಸನಿ ಬಂದಿತ್ತು. ಎರಡು ತಿನ್ನೂದು ಅಂತ ಲೆಕ್ಕಾ ಹಾಕಿ ಇನ್ಸುಲಿನ್ ತೊಗೊಂಡೆ."

"ತಿಂದ್ರಿ ತಾನೆ?"

"ನೀಡಲೇ ಇಲ್ಲ."

ಅರ್ಥವಾಯಿತಾ? ಸುನಂದಾ ಡಾಕ್ಟರ್. ಸಕ್ಕರೆ ಕಾಯಿಲೆಯವರಿಗೆ ಹೋಳಿಗೆ ಯಾಕೆ ಎಂದು ಅಕ್ಕರೆಯಿಂದಲೇ ಇವರ ತಟ್ಟೆಗೆ ಬಡಿಸಲಿಲ್ಲ. ಬದಲಿಗೆ ಒಂದು ಡಬ್ಬಿಗೆ ತುಂಬಿ ನನಗೆಂದು ಕಳಿಸಿದರು. ಇವರು ಚಾರ್ಜರ್ ಕೇಳಲಿಲ್ಲ, ಹೋಳಿಗೆಯನ್ನೂ ಕೇಳಲಿಲ್ಲ. ಬೆಲ್ಲ ತುಂಬಿದ ಹೋಳಿಗೆಯ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಸಕ್ಕರೆ ಇಳಿದು, ಸ್ಟ್ಯಾನ್ಮೋರ್‌ವರೆಗೆ ಹೋದರು. ಜೇಬಿನಲ್ಲಿ ಗ್ಲೂಕೋಸ್ ಮಾತ್ರೆಯೂ ಇತ್ತು. ತಿನ್ನು ಎಂದು ಹೇಳಬೇಕಾದದ್ದು ಮಾತ್ರ ಸತ್ತಿತ್ತು.

ಮನೆಗೆ ಬಂದು ಫೋನ್ ಮಾಡಿದಾಗ ಸುನಂದಾ ಅತ್ತೇಬಿಟ್ಟರು. "ಅಯ್ಯ ದೇವರ, ಡಾಕ್ಟರ್ ಆಗಿ ನಾನ ಹಿಂಗ ಮಾಡಿದೆನಲ್ರೀ! ಒಂದು ಮಾತು ಕೇಳಬೇಕಿತ್ತು." ನಾನೇ ಸಮಾಧಾನ ಮಾಡಿದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಬಡಿಸದೇ ಇದ್ದದ್ದು ಪ್ರೀತಿಯಿಂದ. ಊಟ, ಇನ್ಸುಲಿನ್ ಹೆಚ್ಚುಕಡಿಮೆ ಆಗುವುದು ಇದ್ದದ್ದೇ. ಆ ಹೆಚ್ಚುಕಡಿಮೆಗೇ ತಾನೆ ಅಲಾರಂ ಇಟ್ಟುಕೊಂಡಿರುವುದು?

ನೀವು ಹೇಳಬಹುದು, ತಪ್ಪು ನಿಮ್ಮ ಯಜಮಾನರ ಸಂಕೋಚದ್ದು, ಫೋನಿನದ್ದಲ್ಲ ಎಂದು. ಒಪ್ಪುವುದಿಲ್ಲ ನಾನು. ಸಂಕೋಚ ಇವರ ಜೊತೆ ಹುಟ್ಟಿದ್ದು. ಇಟ್ಟಿಗೆ ಇದ್ದಾಗಲೂ ಇತ್ತು. ಆಗ ಇವರು ಯಾರ ಮನೆಯ ಗೋಡೆಯನ್ನೂ ನೋಡುತ್ತಿರಲಿಲ್ಲ. ನೆಂಟರ ಮನೆಗೆ ಹೋದರೆ ಕೂತು ಹರಟುತ್ತಿದ್ದರು. ಈಗ ನೋಡಿ, ಒಳಗೆ ಕಾಲಿಟ್ಟವರೆಲ್ಲ ಮೊದಲು ಸಾಕೆಟ್ ಹುಡುಕುತ್ತಾರೆ. ಕೆಫೆಯಲ್ಲಿ ಕಿಟಕಿ ಪಕ್ಕದ ಕುರ್ಚಿಗಿಂತ ಪ್ಲಗ್ ಪಕ್ಕದ ಕುರ್ಚಿಗೆ ಬೇಡಿಕೆ. ಇಷ್ಟು ದುಬಾರಿ ವಸ್ತು ಜೇಬಿನಲ್ಲಿಟ್ಟುಕೊಂಡು ಹೋದಲ್ಲೆಲ್ಲ ಬೇಡುವುದು ಯಾವ ಘನತೆ?

ಇನ್ನು ಫೋನಿನ ಮೇಲೆ ಏನೆಲ್ಲ ಹೇರಿದ್ದೇವೆ, ಯೋಚಿಸಿ. ಟಿಕೆಟ್ ಅದರಲ್ಲಿ. ಬ್ಯಾಂಕು ಅದರಲ್ಲಿ. ಜಿಪಿ ಡಾಕ್ಟರ ಅಪಾಯಿಂಟ್‌ಮೆಂಟು ಅದರಲ್ಲಿ. ಈ ದೇಶದಲ್ಲಿ ಇರಲು ನಿಮಗೆ ಹಕ್ಕಿದೆ ಎಂದು ತೋರಿಸುವುದೂ ಅದರಲ್ಲೇ. ಈಗ ನನ್ನ ಗಂಡನ ಜೀವವೂ ಅದರಲ್ಲಿ. ಕೆಲಸವೆಲ್ಲ ಹೆಚ್ಚಿಸಿ ಬ್ಯಾಟರಿ ಮಾತ್ರ ಕಡಿಮೆ ಮಾಡಿದ್ದಾರೆ. ಹಿಂದೆ ಸೊಸೆಗೆ ಮನೆಗೆಲಸವನ್ನೆಲ್ಲ ಹೊರಿಸಿ ಅನ್ನ ಕಮ್ಮಿ ಹಾಕುತ್ತಿದ್ದ ಅತ್ತೆಯರ ಬುದ್ಧಿ ಇದು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ.

ಆ ತೆಳುತನವಾದರೂ ಉಳಿಯುತ್ತದಾ? ಅದೂ ಇಲ್ಲ. ಹಿಂದೆ ಕ್ಯಾಮೆರಾದ ಗುಬುಟು, ಮೇಜಿನ ಮೇಲಿಟ್ಟರೆ ಕುಂಟು ಮಣೆಯ ಹಾಗೆ ಅಲ್ಲಾಡುತ್ತದೆ. ಬಿದ್ದರೆ ಒಡೆಯುತ್ತದೆ ಎಂದು ರಬ್ಬರಿನ ಕವರ್. ದಿನ ಪೂರ್ತಿ ಬರುವುದಿಲ್ಲ ಎಂದು ಪವರ್ ಬ್ಯಾಂಕ್. ಮೂರನ್ನೂ ಒಂದರ ಮೇಲೊಂದು ಇಟ್ಟು ಇಟ್ಟಿಗೆಯ ಪಕ್ಕದಲ್ಲಿ ನಿಲ್ಲಿಸಿ ನೋಡಿದೆ. ಇಟ್ಟಿಗೆಯೇ ತೆಳು!

ಹಾಗಾದರೆ ಇಟ್ಟಿಗೆಯನ್ನೇ ವಾಪಸು ಬಳಸೋಣ ಎಂದು ಡ್ರಾಯರ್‌ನಿಂದ ತೆಗೆದೆ. ಚಾರ್ಜ್ ಮಾಡಿದೆ. ಪಾಪ, ನಿಯತ್ತಿನಿಂದ ಎದ್ದು ಕೂತಿತು. ಆದರೆ ಸೆನ್ಸರಿನ ಆ್ಯಪ್ ಈಗ ಅದರಲ್ಲಿ ಕೂರುವುದಿಲ್ಲವಂತೆ. ಫೋನು ತುಂಬ ಹಳೆಯದಂತೆ. ಗಟ್ಟಿಮುಟ್ಟಾಗಿ ಕೆಲಸ ಮಾಡುವುದನ್ನು ಮನೆಯಲ್ಲಿ ಕೂರಿಸಿ, ಮಧ್ಯಾಹ್ನಕ್ಕೆ ಬಳಲಿ ಬೀಳುವುದನ್ನು ಕೆಲಸಕ್ಕೆ ಕಳಿಸು ಅನ್ನುತ್ತಾರೆ.

ಸೋಮವಾರ ಅದೇ ಅಂಗಡಿಗೆ ಹೋದೆ. ಅದೇ ಹುಡುಗ.

"ದಪ್ಪ ಫೋನು ಕೊಡಿ. ಈ ಆ್ಯಪ್ ನಡೆಯಬೇಕು, ಎರಡು ದಿನ ಚಾರ್ಜ್ ಬರಬೇಕು. ಎಷ್ಟು ದಪ್ಪ ಇದ್ದರೂ ಪರವಾಗಿಲ್ಲ," ಅಂದೆ.

ಅವನು ನಕ್ಕ. ಕೆಟ್ಟ ನಗು ಅಲ್ಲ. "ಮೇಡಮ್, ಹಾಗೆ ಯಾರೂ ಕೇಳೋದೇ ಇಲ್ಲ. ಎಲ್ಲರಿಗೂ ಸ್ಲಿಮ್ ಬೇಕು."

ಯಾರೂ ಕೇಳುವುದಿಲ್ಲ. ಆ ಮಾತು ಚುಚ್ಚಿತು. ತಿಂಗಳ ಹಿಂದೆ ಇದೇ ಕೌಂಟರಿನ ಮುಂದೆ ನಿಂತು ಕೇಳದೇ ಇದ್ದವಳು ನಾನೇ. ಇವರು ಸಟನ್‌ನಲ್ಲಿ ಎರಡು ಸಲ ಕೇಳಲಿಲ್ಲ, ನಾನು ಇಲ್ಲಿ ಒಂದು ಸಲ. ನನಗಂತೂ ಸಂಕೋಚವೂ ಇರಲಿಲ್ಲ, ಜುಬ್ಬದ ಜೇಬಿನ ಚಿಂತೆ ಇತ್ತು.

ಅಷ್ಟರಲ್ಲಿ ಅವನು ಗಾಜಿನ ಕೆಳಗಿನಿಂದ ಇನ್ನೊಂದು ಫೋನು ತೆಗೆದ. ಈ ವಾರವೇ ಬಂದಿದ್ದಂತೆ. ನಮ್ಮದಕ್ಕಿಂತಲೂ ತೆಳು. ಎರಡು ಬೆರಳಲ್ಲಿ ಹಿಡಿದು ಗಾಳಿಯಲ್ಲಿ ತಿರುಗಿಸಿದ, ನಾನು "ಆಹಾ" ಅನ್ನಲಿ ಎಂದು ಕಾದ.

ನಾನು ಕೇಳಿದೆ: "ಸ್ಟ್ಯಾನ್ಮೋರ್‌ವರೆಗೆ ಬರುತ್ತಾ?"