ತಕ್ಕಡಿಗೆ ಬಾರದ ಮೀನು

ನಾನು ಚಿಕ್ಕವಳಿದ್ದಾಗ ಒಂದು ಕಡೆ ಕೂರುವ ಪೈಕಿಯೇ ಅಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ಅಕ್ಕ ರೇಗಿಸುತ್ತಿದ್ದಳು. ಅಂಥವಳನ್ನು ಅಪ್ಪ ಒಂದು ಭಾನುವಾರ ಮೀನು ಹಿಡಿಯುವ ಸ್ಪರ್ಧೆಗೆ ಕರೆದುಕೊಂಡು ಹೋದರು. ಇಡೀ ದಿನ ದೋಣಿಯಲ್ಲಿ, ಅದೂ ಪಿಟಕ್ಕೆನ್ನದೆ! ಮನೆಯಲ್ಲಿ ಅಕ್ಕನಿಗೆ ಜ್ವರ. ನಾನಿದ್ದರೆ ಅವಳಿಗೆ ನಿದ್ದೆ ಬಂದ ಹಾಗೆಯೇ ಎಂದು ಅಮ್ಮ ನನ್ನನ್ನು ಅಪ್ಪನಿಗೆ ಗಂಟು ಹಾಕಿದ್ದಳು.

ಆಗ ನಾವು ಇಂಗ್ಲಿಷರ ನಾಡಿನಲ್ಲಿ, ವಿಮಾನ ನಿಲ್ದಾಣದ ಪಕ್ಕದ ಫೆಲ್ಥಮ್‌ನಲ್ಲಿದ್ದೆವು. ಧಾರವಾಡದಿಂದ ಬಂದಿದ್ದ ಅಪ್ಪ ವಿಮಾನಗಳಿಗೆ ಲಗೇಜು ಏರಿಸುವ ಕೆಲಸ ಮಾಡುತ್ತಿದ್ದರು. ನಮ್ಮ ಮನೆಯೊಳಗೆ ಮೊಟ್ಟೆ ಕೂಡ ಬರುತ್ತಿರಲಿಲ್ಲ. ಆದರೂ ಅಪ್ಪ ಜೊತೆ ಕೆಲಸದವರ ಮೀನಿನ ಕ್ಲಬ್ಬು ಸೇರಿದ್ದರು. ನೀರಿನ ದಂಡೆಯಲ್ಲಿ ಗಾಳ ಹಿಡಿದು ನಿಂತರೆ ವಿಮಾನಗಳ ಸದ್ದು ತಲೆಯಿಂದ ಇಳಿಯುತ್ತಿತ್ತಂತೆ. ಟ್ರೌಟ್ ಮೀನು ಸಿಕ್ಕರೆ ಕೊಕ್ಕೆ ಬಿಡಿಸಿ ಮತ್ತೆ ನೀರಿಗೇ ಬಿಟ್ಟುಬಿಡುತ್ತಿದ್ದರು. ಅದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. "ಸಿಕ್ಕಿತ್ತು, ಬಿಟ್ಟೆ" ಎಂದು ಅಪ್ಪ ಹೇಳಿದಾಗಲೆಲ್ಲ ಕ್ಲಬ್ಬಿನವರು ಬಿದ್ದು ಬಿದ್ದು ನಗುತ್ತಿದ್ದರು. ಅಪ್ಪನ ಜೊತೆ ದೋಣಿ ಹತ್ತಲು ಯಾರಿಗೂ ಮನಸ್ಸಿರಲಿಲ್ಲ.

ಆ ದಿನ ಯಾರು ಯಾರ ಜೊತೆ ಎಂದು ಚೀಟಿ ಎತ್ತಿದರು. ಅಪ್ಪನ ಪಾಲಿಗೆ ಬಂದವರು ಅವರ ಫೋರ್‌ಮನ್. ಎತ್ತರದ, ಕೆಂಪು ಮೂಗಿನ ಇಂಗ್ಲಿಷ್ ಮನುಷ್ಯ. ಚೀಟಿ ನೋಡಿ ಮುಖ ಗಂಟಿಕ್ಕಿಕೊಂಡರು. ಆಮೇಲೆ ಕ್ಲಬ್ಬಿನವರು ನಿಯಮ ಓದಿದರು: ಹಿಡಿದ ಮೀನನ್ನು ಕೊಂದು ಸಂಜೆ ತಕ್ಕಡಿಗೆ ಹಾಕಬೇಕು. ತೋರಿಸಿ ಬಿಟ್ಟರೆ ಸಾಕು ಎಂದುಕೊಂಡಿದ್ದ ಅಪ್ಪ ಪೆಚ್ಚಾದರು. ಅಂಗಿಯೊಳಗೆ ಕೊರಳಲ್ಲಿದ್ದ ಇಷ್ಟಲಿಂಗವನ್ನು ಒಮ್ಮೆ ಮುಟ್ಟಿಕೊಂಡರು. ನನಗೆ ಮಾತ್ರ ಒಂದೇ ಹಟ. ಅಪ್ಪ ಇವತ್ತು ಒಂದಾದರೂ ಮೀನು ತಂದು ಇವರೆಲ್ಲರ ನಗು ನಿಲ್ಲಿಸಬೇಕು.

ಕೆರೆಯ ಮೇಲೆ ಚಳಿಗಾಳಿ ಬೀಸುತ್ತಿತ್ತು. ಹಸಿ ಹಗ್ಗದ ವಾಸನೆ, ತಲೆಯ ಮೇಲೆ ಬಿಟ್ಟೂಬಿಡದೆ ವಿಮಾನಗಳು. ಅಮ್ಮನ ಹಳೆಯ ಇಳಕಲ್ ಸೀರೆಯ ಕೆಂಪು ದಾರ ಸುತ್ತಿ ಅಪ್ಪ ಮೀನನ್ನು ಮರುಳು ಮಾಡಲು ತಾವೇ ಮಾಡಿದ್ದ ಹುಸಿ ನೊಣ ಗಾಳದ ತುದಿಯಲ್ಲಿ ನೀರಿಗೆ ಬೀಳುತ್ತಿತ್ತು, ಖಾಲಿ ಬರುತ್ತಿತ್ತು. ನಾನು ಆ ಕಡೆ ವಾಲಿದೆ, ಈ ಕಡೆ ವಾಲಿದೆ, ಬೂಟಿನಿಂದ ಹಲಗೆ ಕುಟ್ಟಿದೆ.

"ಸುಮ್ನ ಕುಂಡ್ರು ಬೇ, ಮೀನ ಓಡಿ ಹೊಕ್ಕಾವು" ಎಂದು ಅಪ್ಪ ಪಿಸುಗುಟ್ಟಿದರು.

ಫೋರ್‌ಮನ್‌ಗೆ ಮೀನು ಸಿಕ್ಕವು. ಪ್ರತಿ ಸಲ ಅವರು ಪುಟ್ಟ ಮರದ ಕೊಡತಿಯಿಂದ ಮೀನಿನ ತಲೆಗೆ ಟಕ್ ಎಂದು ಹೊಡೆದಾಗ ಅಪ್ಪ ಬೇರೆ ಕಡೆ ನೋಡಿದರು. ಮಧ್ಯಾಹ್ನ ಅಪ್ಪ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಾಗ ಫೋರ್‌ಮನ್ ಕೆಮ್ಮಿ, ಕಣ್ಣೊರೆಸಿಕೊಂಡು, ಇನ್ನೊಂದು ರೊಟ್ಟಿ ಕೇಳಿದರು.

ಸ್ಪರ್ಧೆ ಮುಗಿಯುತ್ತ ಬಂದಿತ್ತು. ನನಗೆ ಅಳು ಬರುವುದರಲ್ಲಿತ್ತು. ಆಗ ಕೆಂಪು ನೊಣ ಗಬಕ್ಕನೆ ಮಾಯವಾಯಿತು! ಅಪ್ಪನ ಗಾಳದ ಕೋಲು ಬಿಲ್ಲಿನಂತೆ ಬಾಗಿತು. ಬಹಳ ಹೊತ್ತು ಜಗ್ಗಾಡಿದ ಮೇಲೆ ಫೋರ್‌ಮನ್ನರೇ ಬಲೆ ಚಾಚಿ ಎತ್ತಿದರು. ನನ್ನ ತೋಳಿಗಿಂತ ಉದ್ದದ ಮೀನು, ಪಕ್ಕೆಯಲ್ಲಿ ಗುಲಾಬಿ ಪಟ್ಟಿ. ಅವರ ಬಳಿ ಇದ್ದವೆಲ್ಲ ಅದರ ಮುಂದೆ ಮರಿಗಳು. ಅವರು ಕೊಡತಿಯನ್ನು ಅಪ್ಪನ ಕಡೆ ಹಿಡಿದರು.

"ಅಪ್ಪಾ, ಬಿಡಬ್ಯಾಡ!" ಎಂದು ನಾನು ಕಿರುಚಿದೆ.

ಅಪ್ಪ ಕೊಡತಿ ಮುಟ್ಟಲಿಲ್ಲ. ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿ, ಮೀನನ್ನು ನೀರಿನಲ್ಲಿ ಹಿಡಿದು, ಅದು ಉಸಿರು ತಿರುಗಿಸಿಕೊಳ್ಳುವ ತನಕ ಕಾದರು. "ಹೋಗು ನಮ್ಮವ್ವಾ" ಎಂದರು. ಅದು ಹೋಯಿತು. ಸಿಟ್ಟಿಗೆ ನಾನು ಬಿಕ್ಕಿ ಬಿಕ್ಕಿ ಅತ್ತೆ. ಫೋರ್‌ಮನ್ ಕೊಡತಿಯನ್ನು ಸೀಟಿನ ಕೆಳಗೆ ಇಟ್ಟರು.

ದಂಡೆಯಲ್ಲಿ ತಕ್ಕಡಿಯ ಮುಂದೆ ಅಪ್ಪ ಬರಿಗೈಯಲ್ಲಿ ನಿಂತರು. ಅದೇ ನಗು ಶುರುವಾಯಿತು. ನಾನು ಫೋರ್‌ಮನ್ನರ ಕೋಟು ಜಗ್ಗಿದೆ. ನೀವು ನೋಡಿದ್ದೀರಲ್ಲ, ಹೇಳಿ! ಅವರು ಬಗ್ಗಿ, "ತಕ್ಕಡಿಗೆ ಬಾರದ ಮೀನು ಮೀನಲ್ಲ, ಪುಟ್ಟಿ. ನಿಯಮ" ಎಂದರು. ಅವರ ಕೈ ಕಚ್ಚಿಬಿಡೋಣ ಎನ್ನಿಸಿತು.

ಆಮೇಲೆ ಅವರು ನೆಟ್ಟಗೆ ಟೀ ಮೇಜಿಗೆ ಹೋಗಿ, ತಾವೇ ಒಂದು ಕಪ್ಪು ಬಗ್ಗಿಸಿ ತಂದು ಅಪ್ಪನ ಕೈಗಿಟ್ಟರು. ಎಲ್ಲರಿಗೂ ಕೇಳುವ ಹಾಗೆ, "ಮುಂದಿನ ವರ್ಷದ ಚೀಟಿಯಲ್ಲಿ ನಮ್ಮಿಬ್ಬರ ಹೆಸರು ಹಾಕಬೇಡಿ. ಇವರು ನನ್ನ ದೋಣಿಯಲ್ಲೇ ಬರುತ್ತಾರೆ" ಎಂದರು. ನಗು ಅಲ್ಲಿಗೇ ನಿಂತಿತು. ಅಪ್ಪ ಟೀ ಕುಡಿಯುವುದನ್ನೂ ಮರೆತು ನಕ್ಕರು. ಅವರು ಅಷ್ಟು ಖುಷಿಪಟ್ಟಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಈಗ ಎಜ್‌ವೇರ್‌ನಲ್ಲಿರುವ ನನ್ನ ಮೊಮ್ಮಕ್ಕಳು ದೋಸೆ ತಿನ್ನುವ ಮೊದಲು ಅದರ ಫೋಟೊ ತೆಗೆಯುತ್ತಾರೆ. ಯಾರಿಗೂ ಯಾರ ಮಾತನ್ನೂ ನಂಬುವ ಕಷ್ಟವಿಲ್ಲ. ಮೊನ್ನೆ ಈ ಕತೆ ಕೇಳಿ ಮೊಮ್ಮಗ ಫೋನಿನಿಂದ ತಲೆ ಎತ್ತದೆ, "ಬಟ್ ಅಜ್ಜಿ, ವೇರ್ ಈಸ್ ದ ಪ್ರೂಫ್?" ಎಂದ.

ಅಪ್ಪ ಇಲ್ಲ, ಫೋರ್‌ಮನ್ ಇಲ್ಲ. ಆ ಮೀನನ್ನು ಕಂಡವರಲ್ಲಿ ಉಳಿದವಳು ನಾನೊಬ್ಬಳೇ.

"ಪ್ರೂಫ್ ನಿನ್ನ ಮುಂದ ಕುಂತದ ನೋಡೋ" ಎಂದೆ.

ಅವನು ನನ್ನನ್ನೇ ನೋಡಿದ. ಫೋನು ಕೆಳಗಿಟ್ಟ. "ಓಕೆ. ಹೌ ಬಿಗ್?" ಎಂದ. ಕೂತು ಹೇಳುವ ಮಾತೇ ಅದು? ಎದ್ದು ನಿಂತು ಎರಡೂ ಕೈ ಚಾಚಿದೆ.