ಅತ್ತಿಗೆ ಮುಡಿದ ಮಲ್ಲಿಗೆ ಮಾಡಿದ ತಪ್ಪೇನು?

ಕೊರೊನಾ ಕಾಟ ಮುಗಿದ ವರ್ಷ, ಯುಗಾದಿ ಕಳೆದ ಮೊದಲ ಭಾನುವಾರ ನಡೆದ ಘಟನೆ ಇದು. ಇವತ್ತಿಗೂ ನೆನೆದರೆ ನನಗೆ ಭಯಕ್ಕಿಂತ ಸಿಟ್ಟೇ ಹೆಚ್ಚು ಬರುತ್ತದೆ.

ರಾಮನಗರದ ನಮ್ಮ ಬಡಾವಣೆಯಲ್ಲಿ ಒಂದು ವಾಕಿಂಗ್ ಬಳಗವಿತ್ತು. ದಿನಾ ಪಾರ್ಕಿನಲ್ಲಿ ಗಾಣದೆತ್ತಿನ ಹಾಗೆ ಸುತ್ತಿ ಎಲ್ಲರಿಗೂ ಬೇಜಾರಾಗಿತ್ತು. ಬಡಾವಣೆಯ ಹಿಂದಿನ ಕುರುಚಲು ಕಾಡಿನಲ್ಲಿ ದೊಡ್ಡ ಬಂಡೆಯ ತನಕ ನಡೆದು, ಅಲ್ಲೇ ಊಟ ಮುಗಿಸಿ ಸಂಜೆಗೆ ವಾಪಸಾಗೋಣ ಎಂದು ಮಾತಾಯಿತು. ಮುಂದಾಳು ನಾಗರಾಜಣ್ಣ. ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿ ನಿವೃತ್ತರಾದವರು. ಕೊರಳಲ್ಲಿ ಸದಾ ಒಂದು ಸೀಟಿ. ನಾವು ಹಿಂದೆ ಬಿದ್ದರೆ ಸೀಟಿ, ನೀರು ಕುಡಿಯಲು ನಿಂತರೂ ಸೀಟಿ.

ಹಬ್ಬಕ್ಕೆ ಕೂಟಗಲ್‌ನಿಂದ ಬಂದಿದ್ದ ನನ್ನ ಅಣ್ಣನ ಹೆಂಡತಿ ಜಯಮ್ಮನವರೂ ಜೊತೆಗಿದ್ದರು. ನಮ್ಮ ಅತ್ತಿಗೆ ಹೂ ಮುಡಿಯದೆ ಹೊಸ್ತಿಲು ದಾಟುವವರಲ್ಲ. ಅವತ್ತೂ ನಮ್ಮ ಹಿತ್ತಲಿನ ಮಲ್ಲಿಗೆಯನ್ನು ತಾವೇ ಕಟ್ಟಿ ಮುಡಿದಿದ್ದರು. ದಾರಿಯುದ್ದಕ್ಕೂ ಎಲ್ಲರೂ ಘಮ ಚೆನ್ನಾಗಿದೆ ಎಂದು ಹೊಗಳಿದವರೇ. ನಾಗರಾಜಣ್ಣನ ಹೆಂಡತಿಯಂತೂ ಒಂದು ತುಂಡು ಕೇಳಿ ಮುಡಿದುಕೊಂಡರು.

ಬಂಡೆಯ ಬುಡದಲ್ಲಿ ಮುನೇಶ್ವರನ ಕಲ್ಲಿದೆ. ಕುರಿ ಮೇಯಿಸುವವರು ಕೈ ಮುಗಿದು, ಅರಿಶಿನ ಹಚ್ಚಿ ಹೋಗುತ್ತಾರೆ, ಅಷ್ಟೇ. ದೀಪವನ್ನೂ ಹಚ್ಚುವುದಿಲ್ಲ. ಯಾಕೆಂದರೆ ನೆತ್ತಿಯ ಮೇಲೆ, ಬಂಡೆಯ ಚಾಚಿನ ಕೆಳಗೆ ಹೆಜ್ಜೇನು ಸಾಲಾಗಿ ಕಟ್ಟಿರುತ್ತದೆ. ನಮ್ಮ ಕಡೆ ಇದು ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ. ನಾಗರಾಜಣ್ಣ ಕೂಡ ಮಾಗಡಿ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವರೇ.

ಅಂಥವರು ಚೀಲದಿಂದ ತೆಂಗಿನ ನಾರು, ಸಾಂಬ್ರಾಣಿ ತೆಗೆದು ಧೂಪ ಹಾಕಲು ಕೂತರು. ಹೊಗೆ ಏಳುವಾಗ ವಿಡಿಯೊ ಚೆನ್ನಾಗಿ ಬರುತ್ತದೆಂದು ಇಬ್ಬರು ಮೊಬೈಲ್ ಹಿಡಿದು ನಿಂತರು. ಅತ್ತಿಗೆ ಮೇಲೆ ನೋಡಿದವರೇ ಹತ್ತಿರ ಹೋದರು. "ಅಣ್ಣಾ, ಮ್ಯಾಗೆ ಹೆಜ್ಜೇನು ಕಟ್ಟೈತೆ. ಇಲ್ಲಿ ಹೊಗೆ ಹಾಕ್ಬ್ಯಾಡಿ."

"ದೇವ್ರ ಧೂಪಕ್ಕೆ ಜೇನು ಏನೂ ಮಾಡಾಕಿಲ್ಲ, ಬುಡಮ್ಮ," ಎಂದು ನಕ್ಕು ಅವರು ನಾರಿಗೆ ಕಡ್ಡಿ ಗೀರಿದರು. ನಾನೂ ಬೇಡವೆಂದೆ. ಹೆಂಗಸರಿಗೆ ಎಲ್ಲಕ್ಕೂ ಹೆದರಿಕೆ ಎಂದರು.

ಹೊಗೆ ಬಂಡೆ ಹಿಡಿದು ಮೇಲೇರಿತು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಕಪ್ಪಗೆ ಏನೋ ಕಳಚಿ ಬಿದ್ದಂತಾಯಿತು. ಆಮೇಲೆ ಕಿವಿ ತುಂಬ ಮೊರೆತ. ಮೊದಲು ಓಡಿದವರು ನಾಗರಾಜಣ್ಣ. ಹೆಂಡತಿಯನ್ನೂ ತಿರುಗಿ ನೋಡಲಿಲ್ಲ. ಎಲ್ಲರೂ ಅವರ ಹಿಂದೆಯೇ ಎದ್ದುಬಿದ್ದು ಓಡಿದರು. ಅತ್ತಿಗೆಯ ಸೀರೆ ಲಂಟಾನ ಪೊದೆಗೆ ಸಿಕ್ಕಿ ಅವರು ಮುಗ್ಗರಿಸಿ ಬಿದ್ದರು. ಕಾಲು ಉಳುಕಿ ಏಳಲಾಗಲಿಲ್ಲ.

ನಾನು ವಾಪಸ್ ಓಡಿದೆ. ಅಷ್ಟರಲ್ಲಿ ಅವರ ಮುಖ, ಕತ್ತಿನ ತುಂಬ ಜೇನು. "ನೀ ಓಡೋಗವ್ವಾ, ನಿಂಗೆ ಮಕ್ಕಳವೆ," ಎಂದರು. ಕೂರಲೆಂದು ತಂದಿದ್ದ ಜಮಖಾನೆ ಕೈಗೆ ಸಿಕ್ಕಿತು. ಅದನ್ನೇ ಎಳೆದುಕೊಂಡು ಇಬ್ಬರೂ ಬೋರಲು ಮಲಗಿದೆವು. ಒಳಗೆ ಸಿಕ್ಕಿದ ಜೇನು ಕಚ್ಚುತ್ತಲೇ ಇದ್ದವು. ಅತ್ತಿಗೆಯ ಉಸಿರು ಗೊರಗೊರ ಎನ್ನತೊಡಗಿದಾಗ ನನಗೆ ಅಳು ಬಂತು. ಇಲ್ಲೇ ಇವರ ಕತೆ ಮುಗಿಯಿತು, ಅಣ್ಣನಿಗೆ ಏನು ಹೇಳಲಿ ಎಂದು ದಿಗಿಲಾಯಿತು. ಯಾರಾದರೂ ಬರುತ್ತಾರೆಂದು ಕಾದೆ. ಒಬ್ಬರೂ ಬರಲಿಲ್ಲ. ದಿನವಿಡೀ ಕೂಗುತ್ತಿದ್ದ ಆ ಸೀಟಿಯೂ ಕೇಳಲಿಲ್ಲ.

ಮೊರೆತ ಕಡಿಮೆಯಾದ ಮೇಲೆ ಅವರನ್ನು ಹೆಗಲಿಗೆ ಆನಿಸಿಕೊಂಡು ಹೇಗೋ ರಸ್ತೆಗೆ ಬಂದೆ. ನಮ್ಮ ಬಳಗದವರು ಅಲ್ಲಿ ಟೀ ಅಂಗಡಿಯ ಮುಂದೆ ಕೂತು, ಅಲ್ಲೊಂದು ಇಲ್ಲೊಂದು ಕಚ್ಚಿದ್ದಕ್ಕೆ ಸುಣ್ಣ ಹಚ್ಚಿಕೊಳ್ಳುತ್ತಿದ್ದರು. ಅತ್ತಿಗೆಯ ಕಣ್ಣು ಮುಚ್ಚಿಹೋಗಿತ್ತು. ಅವರನ್ನು ನೋಡಿ ನಾಗರಾಜಣ್ಣ ಆಡಿದ ಮೊದಲ ಮಾತು ಇದು: "ಅಷ್ಟು ಹೂವ ಮುಡ್ಕೊಂಡ್ ಬಂದ್ರೆ ಜೇನು ಬರ್ದೆ ಇರ್ತದಾ?"

ಉಳಿದವರು ಹೌದು ಹೌದು ಎಂದು ತಲೆಯಾಡಿಸಿದರು. ವಿಡಿಯೊ ಮಾಡಿದವರೂ ಆಡಿಸಿದರು. ನನ್ನ ಮೈ ಉರಿದುಹೋಯಿತು. ಆದರೆ ಜಗಳವಾಡುವ ಹೊತ್ತು ಅದಾಗಿರಲಿಲ್ಲ. ಆಟೊ ಹಿಡಿದು ಆಸ್ಪತ್ರೆಗೆ ಧಾವಿಸಿದೆ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರ್.

ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗಲೇ ಬಳಗದ ವಾಟ್ಸಾಪ್‌ನಲ್ಲಿ ಸಂದೇಶ ಬಂತು. ಇನ್ನು ಮುಂದೆ ಹೆಂಗಸರು ನಡಿಗೆಗೆ ಹೂ ಮುಡಿದು ಬರಬಾರದಂತೆ. ಅದರ ಕೆಳಗೆ, ಎಲ್ಲರನ್ನೂ ಕಾಪಾಡಿದ ನಾಗರಾಜಣ್ಣನಿಗೆ ಸಾಲು ಸಾಲು ಕೈ ಮುಗಿದ ಚಿತ್ರಗಳು! ಧೂಪದ ಸುದ್ದಿ ಎಲ್ಲೂ ಇಲ್ಲ.

ಮರುದಿನ ಅವರು ಕಿತ್ತಳೆ ಹಣ್ಣು ಹಿಡಿದು ಆಸ್ಪತ್ರೆಗೆ ಬಂದರು. ಮಂಚದ ಪಕ್ಕ ಕೂತು ಮತ್ತೆ ಅದೇ ಹೂವಿನ ಪುರಾಣ ತೆಗೆದರು. ನಾನು ಬಾಯಿ ತೆರೆಯುವಷ್ಟರಲ್ಲಿ, ಕಣ್ಣು ಬಿಡಲಾಗದೆ ಮಲಗಿದ್ದ ಅತ್ತಿಗೆಯೇ ಕೇಳಿದರು.

"ಅದೇ ಹೂವ ನಿಮ್ ಮನೆಯವ್ರೂ ಮುಡಿದಿದ್ರಲ್ಲಣ್ಣಾ. ಅವ್ರನ್ನ ಬಯ್ದ್ರಾ?"

ನಾಗರಾಜಣ್ಣ ಹಣ್ಣಿನ ಚೀಲವನ್ನು ಮಂಚದ ಮೇಲಿಟ್ಟು ಎದ್ದು ಹೋದರು. ತಪ್ಪಾಯಿತು ಎಂಬ ಒಂದು ಮಾತು ಅವರ ಬಾಯಿಂದ ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ.

ನಾನು ಬಳಗ ಬಿಟ್ಟೆ. ಜೇನು ಕಚ್ಚಿದ ಉರಿ ವಾರದಲ್ಲಿ ಇಳಿಯಿತು. ಆ ಟೀ ಅಂಗಡಿಯ ಮುಂದೆ ಆಡಿದ ತಲೆಗಳನ್ನು ನೆನೆದರೆ ಆಗುವ ಉರಿ ಇನ್ನೂ ಇಳಿದಿಲ್ಲ. ಹೂವಿನ ನಿಯಮ ಈಗಲೂ ಇದೆಯಂತೆ. ಹೊಗೆ ಹಾಕಬಾರದು ಎಂದು ಮಾತ್ರ ಯಾರೂ ನಿಯಮ ಮಾಡಿಲ್ಲವಂತೆ.

ಅತ್ತಿಗೆ ಬಂದಾಗಲೆಲ್ಲ ನಾವಿಬ್ಬರೇ ಆ ಕಾಲುದಾರಿಯಲ್ಲಿ ಹೋಗುತ್ತೇವೆ. ಬಂಡೆಗೆ ದೂರದಿಂದಲೇ ಕೈ ಮುಗಿಯುತ್ತೇವೆ. ಹೊರಡುವ ಮುಂಚೆ ಅತ್ತಿಗೆ ಮಲ್ಲಿಗೆಯನ್ನು ಎರಡು ತುಂಡು ಮಾಡಿ, ದೊಡ್ಡದನ್ನು ನನಗೆ ಮುಡಿಸುತ್ತಾರೆ.