ಬ್ರಾಕೆಟ್ ಇಲ್ಲದ ಸಾಲುಗಳು

ಶಹಾಪುರದ ಆಸ್ಪತ್ರೆಯೊಂದರಲ್ಲಿ ರೋಗಿಗಳ ವಿವರವನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ನಮ್ಮ ಫೈಲುಗಳ ತುಂಬ ಚೂಪು ಬ್ರಾಕೆಟ್ಟುಗಳು. ‘ರೋಗಿ’ ಎಂದು ತೆರೆದರೆ ‘ರೋಗಿ’ ಎಂದೇ ಮುಚ್ಚಬೇಕು, ಒಂದು ತಪ್ಪಿದರೂ ಯಂತ್ರ ಮುನಿಸಿಕೊಳ್ಳುತ್ತದೆ. ಓದಲು ಕಣ್ಣಿಗೆ ಹಿಂಸೆ. ಆದರೂ ಬಾಗಿಲು ಹಾಕಿ ಚಿಲಕ ಜಡಿದ ನೆಮ್ಮದಿ ನನಗೆ ಅದರಲ್ಲಿತ್ತು.

ಸುರಪುರದಿಂದ ದಿನಾ ಬಸ್ಸಿಗೆ ಬರುವ ನನ್ನ ಜೊತೆಗಾತಿ ಆ ಬ್ರಾಕೆಟ್ಟುಗಳನ್ನೆಲ್ಲ ಕಿತ್ತುಹಾಕಿ ಹೊಸ ಬಗೆಯ ಬರಹವೊಂದನ್ನು ಹೊಂದಿಸಿದಳು. ಹಳೆಯ ಫೈಲನ್ನು ಕಂಪ್ಯೂಟರಿಗೆ ಕೊಟ್ಟರೆ ಸಾದಾ ಕನ್ನಡದ ಸಾಲುಗಳಾಗಿ ಹೊರಬರುತ್ತಿತ್ತು. ಯಾವ ಸಾಲು ಯಾರಿಗೆ ಸೇರಿದ್ದೆಂದು ತಿಳಿಯಲು ಅದು ಅಂಚಿನಿಂದ ಎಷ್ಟು ಒಳಗೆ ಸರಿದಿದೆ ಎಂದಷ್ಟೇ ನೋಡಬೇಕು.

“ಓದಿ ನೋಡ್ರಿ ಅಕ್ಕಾ, ಯಾರಿಗಾದ್ರೂ ತಿಳೀತದ.”

“ಸಾಲು ಒಂದೀಟು ಸರಿದ್ರ ಒಬ್ಬರ ರೋಗ ಇನ್ನೊಬ್ಬರಿಗೆ ಹೋಗಂಗಿಲ್ಲೇನ?”

“ನಿಮಗ ಎಲ್ಲಾದ್ರಾಗೂ ಸಂಶಯ,” ಎಂದು ನಕ್ಕಳು. ನನಗೆ ಸಿಟ್ಟು ಬಂತು. ಬೆಳ್ಳಗಿರುವುದೆಲ್ಲ ಹಾಲಲ್ಲ. ಖಾಲಿ ಜಾಗವನ್ನು ನಂಬಿ ಔಷಧ ಕೊಡುವುದೇ? ಅಚ್ಚಾದ ಪ್ರತಿ ಹಾಳೆಯ ಮೇಲೂ ಅಳತೆಪಟ್ಟಿ ಇಟ್ಟು ನೋಡತೊಡಗಿದೆ.

ಅಷ್ಟರಲ್ಲಿ ಕಾಲಿನ ಗಾಯ ಕೀವುಗಟ್ಟಿ ಅವ್ವನನ್ನು ನಮ್ಮಲ್ಲೇ ಸೇರಿಸಬೇಕಾಯಿತು. ಹಿಂದೆ ನನ್ನ ತಮ್ಮನ ಮನೆಗೆ ಹೋದಾಗ ಅವಳು ಯಾದಗಿರಿಯ ಆಸ್ಪತ್ರೆಯೊಂದರಲ್ಲಿ ತೋರಿಸಿಕೊಂಡಿದ್ದಳು. ಅಲ್ಲಿಂದ ಬ್ರಾಕೆಟ್ಟಿನ ಫೈಲು ತರಿಸಿ ಹೊಸ ಬರಹಕ್ಕೆ ಇಳಿಸಿದೆವು. ಅವಳ ಹಾಳೆಗೂ ಅಳತೆಪಟ್ಟಿ ಹಿಡಿದೆ. ಪ್ರತಿ ಸಾಲೂ ತನ್ನ ಜಾಗದಲ್ಲೇ ಇತ್ತು.

ಸಿಸ್ಟರ್ ಸೂಜಿಗೆ ಔಷಧ ತುಂಬಿಕೊಂಡು ಬಂದು, ಹಾಳೆಯನ್ನು ಅವ್ವನಿಗೆ ಕೇಳುವಂತೆ ಓದಿದರು. ಬ್ರಾಕೆಟ್ಟಿನ ಹಳೆಯ ಬರಹವನ್ನು ಯಾರೂ ಹಾಗೆ ರೋಗಿಯ ಮುಂದೆ ಗಟ್ಟಿಯಾಗಿ ಓದಿದ್ದೇ ಇಲ್ಲ.

“ಮೈಗೆ ಒಗ್ಗದ ಔಷಧ: ಇಲ್ಲ.”

“ಯಾರಂದ್ರಬೇ ಇಲ್ಲಂತ?” ಅವ್ವ ತಲೆ ಎತ್ತಿದಳು. “ಯಾದಗಿರಿಯಾಗ ಸೂಜಿ ಮಾಡಿದ ಕೂಡ್ಲೇ ಮಾರಿ ಬಾತು ಉಸುರು ಕಟ್ಟಿತ್ತು. ಮಗಳು ಅಂಜತಾಳಂತ ಮನ್ಯಾಗ ಹೇಳಿದ್ದಿಲ್ಲ.”

ಸಿಸ್ಟರ್ ಕೈ ಹಿಂದಕ್ಕೆ ಹೋಯಿತು. ಡಾಕ್ಟರು ಯಾದಗಿರಿಗೆ ಫೋನು ಮಾಡಿ ಕೇಳಿದರು. ಆಗ ಕೊಟ್ಟಿದ್ದ ಔಷಧವೂ ಈಗ ಸೂಜಿಯಲ್ಲಿದ್ದ ಔಷಧವೂ ಒಂದೇ.

ಜೊತೆಗಾತಿಯ ಹೊಸ ಬರಹವೇ ಸಾಲು ನುಂಗಿದೆ ಎಂದುಕೊಂಡು ಓಡಿ ಬಂದು ಯಾದಗಿರಿಯ ಮೂಲ ಫೈಲನ್ನು ತೆರೆದೆ. ಅದರಲ್ಲೂ ‘ಇಲ್ಲ’ ಎಂದೇ ಇತ್ತು. ತೆರೆದ ಬ್ರಾಕೆಟ್ಟುಗಳೆಲ್ಲ ಮುಚ್ಚಿದ್ದವು, ಒಂದು ಚುಕ್ಕೆಯೂ ತಪ್ಪಿರಲಿಲ್ಲ.